ಕೊಟ್ಟ ಸಾಲು, ಬರೆದವರ ಜಾಡು

ಬರೆಯಲು ಕುಳಿತವರಿಗೆ ವಸ್ತುವಿನಲ್ಲೂ ರೂಪದಲ್ಲೂ ಪೂರ್ಣ ಸ್ವಾತಂತ್ರ್ಯ ಕೊಟ್ಟುಬಿಟ್ಟರೆ ಅವರು ತಮ್ಮದೇ ಆದದ್ದನ್ನು ಬರೆಯುತ್ತಾರೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ, ಯಾವ ಕಟ್ಟೂ ಇಲ್ಲದ ಹೊತ್ತಿನಲ್ಲಿ ಲೇಖನಿ ಹಿಡಿಯುವುದು ಸಾಮಾನ್ಯವಾಗಿ ರೂಢಿಯ ದಾರಿಯನ್ನೇ ಎಂಬುದು ಬರೆದು ಪಳಗಿದ ಎಲ್ಲರಿಗೂ ತಿಳಿದ ಸಂಗತಿ. ಕಥಾ ಕಮ್ಮಟ, ಕಾವ್ಯ ಕಮ್ಮಟಗಳಲ್ಲಿ ಇಂದು ‘ಪ್ರಾಂಪ್ಟ್’ ಎಂಬ ಹೆಸರಿನಿಂದ ಬಳಕೆಯಲ್ಲಿರುವ ಸಾಧನ, ಎಂದರೆ ಬರವಣಿಗೆಗೆ ತೊಡಗಿಸಲು ಹೊರಗಿನಿಂದ ಕೊಡುವ ಒಂದು ಸಾಲು, ಒಂದು ಚಿತ್ರ, ನಾಲ್ಕಾರು ಪದ ಅಥವಾ ಒಂದು ನಿಷೇಧ, ಈ ರೂಢಿಯನ್ನು ಬರೆಯುವವರಿಗೇ ಕಾಣಿಸಿಕೊಡುತ್ತದೆ. ಅದರಿಂದ ಕೆಲವೊಮ್ಮೆ ಒಳ್ಳೆಯ ಕಥೆಯೋ ಕವಿತೆಯೋ ಹುಟ್ಟುವುದು ಲಾಭವೇ ಆದರೂ, ಅದಕ್ಕಿಂತ ದೊಡ್ಡ ಲಾಭ ತನ್ನ ಕೈ ತಾನಾಗಿ ಎತ್ತ ಹೋಗುತ್ತದೆ ಎಂದು ತಿಳಿಯುವುದೇ ಆಗಿದೆ.

ಈ ಸಾಧನ ಹೊಸದಲ್ಲ. ವಾತ್ಸ್ಯಾಯನನ ಕಾಮಸೂತ್ರ ಪಟ್ಟಿ ಮಾಡುವ 64 ಕಲೆಗಳಲ್ಲಿ ಕಾವ್ಯಸಮಸ್ಯಾಪೂರಣವೂ ಒಂದು. ಪದ್ಯದ ಒಂದು ಪಾದವನ್ನು, ಬಹುಮಟ್ಟಿಗೆ ಕೊನೆಯ ಪಾದವನ್ನು, ಅಸಂಗತವೋ ಅನುಚಿತವೋ ಆಗಿ ತೋರುವಂತೆ ಕಟ್ಟಿ ಕೊಡುವುದು ಸಮಸ್ಯೆ. ಉಳಿದ ಪಾದಗಳನ್ನು ರಚಿಸಿ, ಕೊಟ್ಟ ಪಾದದ ಒಂದಕ್ಷರವನ್ನೂ ಬದಲಿಸದೆ, ಅದಕ್ಕೆ ಸರಿಯಾದ ಅರ್ಥ ಬರುವಂತೆ ಮಾಡುವುದು ಪೂರಣ. ಅವಧಾನ ಕಲೆಯಲ್ಲಿ ಇದಕ್ಕೆ ಮುಖ್ಯ ಸ್ಥಾನವಿದೆ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು, ಎಂದರೆ ಪ್ರಶ್ನೆ ಒಡ್ಡುವವರು, ಅವಧಾನಿಯ ಎದುರು ಕುಳಿತು ಒಬ್ಬೊಬ್ಬರು ಒಂದೊಂದು ಬಗೆಯ ಸವಾಲು ಕೊಡುತ್ತಾರೆ. ಅವಧಾನಿ ಪ್ರತಿ ಸುತ್ತಿನಲ್ಲೂ ಪದ್ಯದ ಒಂದೊಂದೇ ಪಾದವನ್ನು ಹೇಳುತ್ತ, ಕಾಗದ ಮುಟ್ಟದೆ, ಕೊನೆಯಲ್ಲಿ ಎಲ್ಲ ಪದ್ಯಗಳನ್ನೂ ನೆನಪಿನಿಂದ ಒಪ್ಪಿಸಬೇಕಾಗುತ್ತದೆ. ಕನ್ನಡದಲ್ಲಿ ಈ ಕಲೆಗೆ ನಮ್ಮ ಕಾಲದಲ್ಲಿ ಹೊಸ ಚೇತನ ತಂದವರು ಶತಾವಧಾನಿ ಆರ್. ಗಣೇಶ್, 2012ರಲ್ಲಿ ಅವರು ಬೆಂಗಳೂರಿನಲ್ಲಿ ಪೂರ್ಣ ಕನ್ನಡದಲ್ಲೇ ಶತಾವಧಾನವನ್ನು ನಡೆಸಿದರು. ಸಭೆ ಅವಧಾನದಲ್ಲಿ ಮೆಚ್ಚುವುದು ಹೆಚ್ಚಾಗಿ ನೆನಪಿನ ಶಕ್ತಿಯನ್ನು ಮತ್ತು ವೇಗವನ್ನು. ಆದರೆ ಬರವಣಿಗೆಯ ಅಭ್ಯಾಸದ ದೃಷ್ಟಿಯಿಂದ ನೋಡಿದರೆ, ಒಂದೇ ಸಮಸ್ಯೆಗೆ ಬೇರೆ ಬೇರೆ ಕವಿಗಳು ಕೊಡುವ ಪೂರಣಗಳ ನಡುವಿನ ಅಂತರ ಇನ್ನೂ ಹೆಚ್ಚು ಕಲಿಸುತ್ತದೆ.

ಇದನ್ನು ಹತ್ತಿರದಿಂದ ನೋಡಲು ಒಂದು ಸರಳ ಸಮಸ್ಯೆಯನ್ನು ಕಟ್ಟಿಕೊಳ್ಳಬಹುದು. ‘ರಾಮನು ತಾಯಿಯ ತಲೆಯನು ಕಡಿದನು’ ಎಂಬುದು ಆ ಸಾಲಾಗಿರಲಿ. ನಾಲ್ಕು ನಾಲ್ಕು ಮಾತ್ರೆಯ ನಾಲ್ಕು ಗಣಗಳು, ಪ್ರಾಸದ ಕಟ್ಟುಪಾಡು ಬೇಡ, ಮೇಲೆ ಎರಡು ಸಾಲು ಸೇರಿಸಿದರೆ ಸಾಕು. ಕೌಸಲ್ಯೆಯ ಮಗನನ್ನು ನೆನೆದವರಿಗೆ ಈ ಸಾಲು ಅಪಚಾರವಾಗಿ ಕೇಳಿಸುತ್ತದೆ. ಪುರಾಣ ಬಲ್ಲವರಿಗೆ ಮರುಕ್ಷಣವೇ ಪರಶುರಾಮ ಹೊಳೆಯುತ್ತಾನೆ, ಜಮದಗ್ನಿಯ ಆಜ್ಞೆ ನೆನಪಾಗುತ್ತದೆ, ಪೂರಣ ಹೆಚ್ಚು ಕಡಿಮೆ ತಾನಾಗಿ ಮೂಡುತ್ತದೆ:

ತಂದೆಯ ಮಾತನು ಮೀರದೆ ಕೊಡಲಿಯ
ಹೆಗಲಿಂದಿಳಿಸಿದ ಭಾರ್ಗವ ಕುಲಮಣಿ
ರಾಮನು ತಾಯಿಯ ತಲೆಯನು ಕಡಿದನು

ಸಮಸ್ಯೆ ಬಗೆಹರಿಯಿತು, ಲೆಕ್ಕ ತಪ್ಪಿಲ್ಲ. ಆದರೂ ಇಲ್ಲಿ ಕವಿ ಒಂದು ಮಾಹಿತಿಯನ್ನು ಒದಗಿಸಿದ್ದಾನೆ ಅಷ್ಟೆ; ‘ಕುಲಮಣಿ’ ಎಂಬ ಪದ ಗಣ ತುಂಬಿಸಲು ಬಂದದ್ದೆಂಬುದನ್ನು ಕಿವಿಯುಳ್ಳವರು ಕೂಡಲೇ ಗುರುತಿಸುತ್ತಾರೆ, ಮತ್ತು ತಾಯಿಯ ತಲೆ ಬಿದ್ದ ಗಳಿಗೆಯಲ್ಲೂ ಕಡಿದವನನ್ನು ಹೊಗಳುವ ಆ ಪದ ಕವಿಯ ಮನಸ್ಸು ಯಾವ ಕಡೆ ನಿಂತಿದೆ ಎಂಬುದನ್ನು ಅವನಿಗೆ ತಿಳಿಯದಂತೆಯೇ ಹೇಳಿಬಿಡುತ್ತದೆ. ಅದೇ ಕಥೆಯನ್ನು ಸವದತ್ತಿಯ ಎಲ್ಲಮ್ಮನ ಗುಡ್ಡದ ಕಡೆಯಿಂದ, ಜೋಗತಿಯರ ಹಾಡಿನಲ್ಲಿ ರೇಣುಕೆಯ ಪಾಡನ್ನು ಕೇಳಿ ಬೆಳೆದವರು ಎತ್ತಿಕೊಂಡರೆ, ಪುರಾಣ ಬದಲಾಗದೆ ಪೂರಣ ಬದಲಾಗುತ್ತದೆ:

ಕೊಡ ತುಂಬದ ತಪ್ಪಿಗೆ ಕೊರಳೊಡ್ಡಿದ
ಎಲ್ಲಮ್ಮನ ಕಥೆ ಗುಡ್ಡಕೆ ಗೊತ್ತಿದೆ:
ರಾಮನು ತಾಯಿಯ ತಲೆಯನು ಕಡಿದನು

ಮೊದಲನೆಯದರಲ್ಲಿ ಕೊನೆಯ ಸಾಲು ಕಥೆಯ ಮುಕ್ತಾಯವಾಗಿ ಬಂದರೆ ಎರಡನೆಯದರಲ್ಲಿ ಅದು ಆರೋಪವಾಗಿ ನಿಲ್ಲುತ್ತದೆ. ಕೊಟ್ಟ ಅಕ್ಷರಗಳೆಲ್ಲ ಇದ್ದ ಹಾಗೆಯೇ ಇದ್ದು ಅವುಗಳನ್ನು ಉಚ್ಚರಿಸುವ ದನಿ ಬದಲಾಗಿದೆ. ಇನ್ನೊಬ್ಬರು ಪುರಾಣವನ್ನೇ ಬಿಟ್ಟು ಮನೆಯ ನೆಲಕ್ಕೆ ಇಳಿಯಬಹುದು:

ಹಾಸಿದ ಪಟಗಳ ನಡುವಲಿ ಕತ್ತರಿ
ಹಿಡಿದಾಡುತಲಿಹ ಮೂರರ ಕಂದನು
ರಾಮನು ತಾಯಿಯ ತಲೆಯನು ಕಡಿದನು

ಇಲ್ಲಿ ರಾಮ ಮೂರು ವರ್ಷದ ಮಗು, ತಾಯಿ ಒಂದು ಪಟ. ಕತ್ತರಿಗೆ ‘ಕಡಿ’ ಎಂಬ ಕ್ರಿಯಾಪದ ಪೂರ್ತಿ ಒಗ್ಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಭಯಂಕರವಾಗಿ ಕೇಳಿಸಿದ ಸಾಲನ್ನು ಆಟವಾಗಿಸಿದ ಈ ನೋಟ ಮೊದಲಿನ ಎರಡರಿಂದ ಬೇರೆ ಜಾತಿಯದು. ಇವಲ್ಲದೆ ಹಿಂದಿನ ಸಾಲನ್ನು ‘ಪರಶು’ ಎಂದು ಮುಗಿಸಿ ಕೊಟ್ಟ ಸಾಲಿನ ‘ರಾಮ’ನಿಗೆ ಅಂಟಿಸುವವರಿರುತ್ತಾರೆ, ಎಲ್ಲವನ್ನೂ ಕನಸೆಂದು ಹೇಳಿ ಪಾರಾಗುವವರೂ ಇರುತ್ತಾರೆ. ಕನಸಿನ ಪೂರಣ ಎಲ್ಲ ಸಮಸ್ಯೆಗೂ ಹೊಂದುವುದರಿಂದಲೇ ಯಾವ ಸಮಸ್ಯೆಗೂ ಉತ್ತರವಲ್ಲ ಎಂಬುದನ್ನು ಒಪ್ಪದೆ ಗತಿಯಿಲ್ಲ. ಒಬ್ಬರೇ ಹತ್ತು ಸಮಸ್ಯೆಗಳನ್ನು ಪೂರಣ ಮಾಡಿ, ಆಮೇಲೆ ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಪ್ರತಿ ಬಾರಿಯೂ ಪುರಾಣಕ್ಕೆ ಓಡಿದ್ದು, ಪ್ರತಿ ಬಾರಿಯೂ ಪದ ಒಡೆದು ಜಾಣತನ ತೋರಿದ್ದು ಅಥವಾ ಪ್ರತಿ ಬಾರಿಯೂ ಮಗುವನ್ನು ತಂದು ಮೃದುವಾಗಿಸಿದ್ದು ಕಣ್ಣಿಗೆ ಬೀಳುತ್ತದೆ. ಕೊಟ್ಟ ಸಾಲು ಸ್ಥಿರವಾಗಿರುವುದರಿಂದ ಬದಲಾಗುವುದು ಬರೆಯುವವರ ಪಾಲು ಮಾತ್ರ, ಹಾಗಾಗಿ ಅದು ಬಿಡಿಯಾಗಿ ಕಾಣುತ್ತದೆ.

ಹೀಗೆ ಹಿಂತಿರುಗಿ ನೋಡುವ ಕೆಲಸವನ್ನು ಪ್ರಾಚೀನರು ಕವಿಯ ದಿನಚರಿಯಲ್ಲೇ ಸೇರಿಸಿದ್ದರು. ಕನೌಜಿನ ಪ್ರತೀಹಾರ ರಾಜರ ಆಶ್ರಯದಲ್ಲಿದ್ದ ರಾಜಶೇಖರ, ಸುಮಾರು ಹತ್ತನೆಯ ಶತಮಾನದ ಆರಂಭದಲ್ಲಿ ಬರೆದ ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ಹಗಲನ್ನು ನಾಲ್ಕು ಯಾಮಗಳಾಗಿ, ಎಂದರೆ ಸುಮಾರು ಮೂರು ಮೂರು ಗಂಟೆಯ ಪಾಲುಗಳಾಗಿ ವಿಂಗಡಿಸುತ್ತಾನೆ. ಮೊದಲ ಯಾಮ ಅಧ್ಯಯನಕ್ಕೆ, ಎರಡನೆಯದು ರಚನೆಗೆ; ಊಟದ ನಂತರದ ಮೂರನೆಯ ಯಾಮ ಕಾವ್ಯಗೋಷ್ಠಿಗೆ, ಸಮಸ್ಯೆಗಳೂ ಚಿತ್ರರಚನೆಗಳೂ ಬರುವುದು ಅಲ್ಲಿಯೇ; ನಾಲ್ಕನೆಯದು, ಒಬ್ಬರೇ ಕುಳಿತೋ ಕೆಲವೇ ಆಪ್ತರೊಡನೆಯೋ, ಬೆಳಿಗ್ಗೆ ಬರೆದದ್ದನ್ನು ಪರೀಕ್ಷಿಸುವುದಕ್ಕೆ. ರಸಾವೇಶದಲ್ಲಿ ಬರೆಯುವಾಗ ವಿವೇಚಿಸುವ ಕಣ್ಣು ಕೆಲಸ ಮಾಡುವುದಿಲ್ಲವಾದ್ದರಿಂದ ಈ ಪರೀಕ್ಷೆ ಬೇಕು ಎಂಬುದು ಅವನು ಕೊಡುವ ಕಾರಣ. ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆದೆನೆಂಬ ಕುಮಾರವ್ಯಾಸನ ಹೆಮ್ಮೆ ಅವನಂಥ ಮಹಾಕವಿಗೆ ಒಪ್ಪುವಂಥದು. ಉಳಿದವರಿಗೆ ರಾಜಶೇಖರನ ನಾಲ್ಕನೆಯ ಯಾಮವೇ ಆಸರೆ.

ಇದೇ ವಿವೇಕ ಬೇರೊಂದು ನೆಲದಲ್ಲಿ ಬೇರೊಂದು ರೂಪದಲ್ಲಿ ಕಾಣುತ್ತದೆ. ಅಮೆರಿಕದ ಡೊರೊಥಿಯಾ ಬ್ರ್ಯಾಂಡ್ 1934ರಲ್ಲಿ ಪ್ರಕಟಿಸಿದ ‘ಬಿಕಮಿಂಗ್ ಎ ರೈಟರ್’ ಪುಸ್ತಕದಲ್ಲಿ, ರೂಢಿಗಿಂತ ಅರ್ಧ ಗಂಟೆಯೋ ಒಂದು ಗಂಟೆಯೋ ಮುಂಚೆ ಎದ್ದು, ಯಾರೊಡನೆಯೂ ಮಾತಾಡದೆ, ಪತ್ರಿಕೆ ಓದದೆ, ತಲೆಗೆ ಬಂದದ್ದನ್ನು ಬರೆಯಬೇಕೆಂದೂ ಸ್ವಲ್ಪ ಕಾಲ ಅದನ್ನು ತಿರುಗಿ ಓದಬಾರದೆಂದೂ ಹೇಳುತ್ತಾರೆ. ಆಮೇಲೆ ಆ ಹಾಳೆಗಳನ್ನು ಯಾರೋ ಅಪರಿಚಿತರ ಬರಹವೆಂಬಂತೆ ಓದಿ, ಒಲವು ಯಾವ ಕಡೆಗಿದೆ, ಮನಸ್ಸು ಮತ್ತೆ ಮತ್ತೆ ಎಲ್ಲಿಗೆ ಹೋಗುತ್ತದೆ ಎಂದು ಗುರುತಿಸಿಕೊಳ್ಳಬೇಕೆನ್ನುತ್ತಾರೆ. ಕನ್ನಡದಲ್ಲಿ ಬರೆಯುವವರು ಹೀಗೆ ಓದಲು ಕುಳಿತರೆ ಕಾಣಸಿಗುವ ರೂಢಿಗಳು ಸಾಕಷ್ಟಿವೆ: ಮಳೆಯಿಂದಲೇ ಶುರುವಾಗುವ ಕಥೆ, ಪ್ರತಿ ಪುಟದಲ್ಲೂ ‘ಒಂದು ಕ್ಷಣ’ ಸ್ತಬ್ಧರಾಗುವ ಪಾತ್ರಗಳು, ಯಾರಿಗೆ ಏನಾಯಿತೆಂದು ಹೇಳುವ ಕಡೆಯಲ್ಲೆಲ್ಲ ಬಂದು ಕೂರುವ ‘ಅನ್ನಿಸಿತು’, ಹೇಳಲು ಮಾತು ಸಿಗದಾಗ ಇಡುವ ಮೂರು ಚುಕ್ಕೆ, ಕೊನೆಗೆ ಕಣ್ಣಂಚಿನಲ್ಲಿ ಹನಿಯುವ ನೀರು. ಇವುಗಳಲ್ಲಿ ಯಾವುದೂ ಸ್ವತಃ ತಪ್ಪಲ್ಲ. ತಾನು ಆರಿಸಿಕೊಂಡೆನೆಂದು ಬರೆಯುವವರು ನಂಬಿದ್ದು ನಿಜವಾಗಿ ಆಯ್ಕೆಯೇ ಆಗಿರಲಿಲ್ಲ ಎಂಬುದು ಮಾತ್ರ ಇಲ್ಲಿ ಮುಖ್ಯ.

ರೂಢಿ ಗೊತ್ತಾಯಿತು ಎಂದ ಮಾತ್ರಕ್ಕೆ ಸ್ವಂತಿಕೆ ಬರುವುದಿಲ್ಲ, ಮತ್ತು ಸ್ವಂತಿಕೆ ಎಂದರೆ ಯಾರನ್ನೂ ಹೋಲದಿರುವುದು ಎಂದು ತಿಳಿದರೆ ದಾರಿಯೇ ತಪ್ಪುತ್ತದೆ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ಯೋತದಲ್ಲಿ, ಎಂದರೆ ಕೊನೆಯ ಅಧ್ಯಾಯದಲ್ಲಿ, ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಳ್ಳುತ್ತಾನೆ. ಒಬ್ಬ ಕವಿಯ ಮಾತು ಇನ್ನೊಬ್ಬನದನ್ನು ಹೋಲುವುದನ್ನು ಅವನು ಸಂವಾದ ಎಂದು ಕರೆದು ಅದರಲ್ಲಿ ಮೂರು ಬಗೆ ಹೇಳುತ್ತಾನೆ: ಕನ್ನಡಿಯೊಳಗಿನ ಪ್ರತಿಬಿಂಬದಂಥದು, ಚಿತ್ರದಲ್ಲಿ ಬರೆದ ಆಕಾರದಂಥದು, ಇಬ್ಬರು ಮನುಷ್ಯರ ಮೈಕಟ್ಟಿನ ಹೋಲಿಕೆಯಂಥದು. ಮೊದಲೆರಡನ್ನು ಬಿಡಬೇಕು, ಮೂರನೆಯದನ್ನು ಬಿಡಬೇಕಾಗಿಲ್ಲ, ಏಕೆಂದರೆ ಮೈಕಟ್ಟು ಹೋಲಿದರೂ ಅಲ್ಲಿ ಬೇರೆಯೇ ಒಂದು ಜೀವ ಇದೆ. ಸ್ವಂತಿಕೆಯ ಬಗ್ಗೆ ಇದಕ್ಕಿಂತ ನ್ಯಾಯವಾದ, ಇದಕ್ಕಿಂತ ಬರಹಗಾರರ ಪರವಾದ ವಿವೇಚನೆ ಸಿಗುವುದು ಕಷ್ಟ. ರಾಜಶೇಖರ ಇದನ್ನೇ ವಿಸ್ತರಿಸಿ, ಪದಗಳ ಹರಣ, ಅರ್ಥದ ಹರಣ ಎಂದು ಕವಿಗಳ ನಡುವಿನ ಕೊಡುಕೊಳೆಯನ್ನು ಬಗೆಬಗೆಯಾಗಿ ಲೆಕ್ಕ ಹಾಕುತ್ತಾನೆ. ಒಂದೇ ಸಮಸ್ಯೆಯನ್ನು ಹತ್ತು ಮಂದಿಗೆ ಕೊಡುವ ಪದ್ಧತಿಯಲ್ಲೂ ಇಂಥದೇ ತಿಳಿವಳಿಕೆ ಕಾಣುತ್ತದೆ: ಹೋಲಿಕೆಯನ್ನು ಮೊದಲೇ ಒಪ್ಪಿಕೊಂಡು, ಹೋಲಿಕೆಯ ಒಳಗೆ ಜೀವ ಎಷ್ಟಿದೆ ಎಂದು ನೋಡುವುದು. ಉರ್ದುವಿನ ತರಹಿ ಮುಷಾಯಿರಾದಲ್ಲೂ ಒಂದು ಸಾಲನ್ನು ಮುಂಚಿತವಾಗಿ ಕೊಟ್ಟು, ಅದರ ಛಂದಸ್ಸು, ಪ್ರಾಸ ಮತ್ತು ಅಂತ್ಯಪದಕ್ಕೆ ಬದ್ಧರಾಗಿ ಎಲ್ಲ ಕವಿಗಳೂ ಗಜಲ್ ಬರೆದು ತರುವುದು ವಾಡಿಕೆ.

ಕೊಡುವುದರಿಂದ ಆಗುವ ಕೆಲಸಕ್ಕಿಂತ ತಡೆಯುವುದರಿಂದ ಆಗುವ ಕೆಲಸ ಇನ್ನೂ ಆಳದ್ದು. ಅವಧಾನದ ನಿಷೇಧಾಕ್ಷರಿಯಲ್ಲಿ ಅವಧಾನಿ ಒಂದಕ್ಷರ ಹೇಳಿದ ಕೂಡಲೇ ಪೃಚ್ಛಕರು ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಅದು ಬೇಡವೆನ್ನುತ್ತಾರೆ. ವಸ್ತು ಶಿವಸ್ತುತಿ ಎಂದಿಟ್ಟುಕೊಂಡರೆ, ‘ಶಿ’ ಬಂದೊಡನೆ ‘ವ’ ನಿಷಿದ್ಧವಾಗುತ್ತದೆ. ಕವಿ ‘ತಿ’ ಎಂದು ಹೊರಳಿ ‘ಶಿತಿಕಂಠ’ದ ಕಡೆಗೆ ನಡೆದರೆ, ಬಳಸಿ ಬಳಸಿ ಸವೆದ ಹೆಸರಿನ ಜಾಗದಲ್ಲಿ ನಂಜು ನುಂಗಿ ಕಪ್ಪಾದ ಕೊರಳು ಎದುರಿಗೆ ಬರುತ್ತದೆ. ಪೃಚ್ಛಕರು ಅದನ್ನೂ ಊಹಿಸಿ ‘ಕ’ಕಾರವನ್ನು ತಡೆದರೆ ಇನ್ನೊಂದು ದಾರಿ ಹುಡುಕಬೇಕು. ನಿಷೇಧಿಸುವವರು ನಿಜವಾಗಿ ಓದುತ್ತಿರುವುದು ಕವಿಯ ರೂಢಿಯನ್ನೇ. ಊಹೆ ಸರಿಯಾದಷ್ಟೂ ಅವರ ನಿಷೇಧ ಪ್ರಯೋಜನಕಾರಿಯಾಗುತ್ತದೆ.

ದಂಡಿಯ ‘ದಶಕುಮಾರಚರಿತ’ದಲ್ಲಿ ಮಂತ್ರಗುಪ್ತ ತನ್ನ ಕಥೆಯನ್ನು ಪ, ಬ, ಮ ಮೊದಲಾದ ಓಷ್ಠ್ಯಾಕ್ಷರಗಳನ್ನು, ಎಂದರೆ ತುಟಿ ಕೂಡಿಸಿ ಉಚ್ಚರಿಸುವ ಅಕ್ಷರಗಳನ್ನು, ಪೂರ್ತಿಯಾಗಿ ಬಿಟ್ಟು ಹೇಳುತ್ತಾನೆ, ಏಕೆಂದರೆ ಪ್ರಣಯದಲ್ಲಿ ಅವನ ತುಟಿ ಗಾಯಗೊಂಡಿದೆ. ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ, 1969ರಲ್ಲಿ, ಫ್ರೆಂಚ್ ಲೇಖಕ ಜಾರ್ಜ್ ಪೆರೆಕ್ ತನ್ನ ಭಾಷೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ‘ಇ’ (e) ಅಕ್ಷರವನ್ನು ಒಮ್ಮೆಯೂ ಬಳಸದೆ ಒಂದು ಪೂರ್ಣ ಕಾದಂಬರಿಯನ್ನು ಬರೆದ. 1960ರಲ್ಲಿ ರೇಮಂ ಕೆನೋ ಮತ್ತು ಫ್ರಾನ್ಸ್ವಾ ಲ ಲಿಯೊನೆ ಪ್ಯಾರಿಸ್ಸಿನಲ್ಲಿ ಕಟ್ಟಿದ ‘ಉಲಿಪೊ’ ಎಂಬ ಬಳಗಕ್ಕೆ ಆತ ಸೇರಿದ್ದ. ತಾವಾಗಿ ಹಾಕಿಕೊಂಡ ನಿಯಮಗಳಿಂದ ಹೊಸ ಸಾಹಿತ್ಯ ಸಾಧ್ಯತೆಗಳನ್ನು ಹುಡುಕುವುದು ಆ ಬಳಗದ ಉದ್ದೇಶ. ಪೆರೆಕ್‌ನ ಕಾದಂಬರಿ ಕಣ್ಮರೆಯಾದವರ ಕಥೆ. ಅವನ ತಂದೆ 1940ರ ಯುದ್ಧದಲ್ಲಿ ಸತ್ತಿದ್ದ, ತಾಯಿಯನ್ನು 1943ರಲ್ಲಿ ಆಶ್‌ವಿಟ್ಸ್‌ಗೆ ಸಾಗಿಸಲಾಗಿತ್ತು. ಬರೀ ಚಮತ್ಕಾರವಾಗಿ ಕಾಣುವ ಒಂದು ನಿಯಮ, ಬರೆಯುವವನ ಬಾಳಿನಲ್ಲಿ ಇಲ್ಲವಾದದ್ದನ್ನು ಭಾಷೆಯೊಳಗೇ ಇಲ್ಲವಾಗಿಸಿ ತೋರಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಬಲವಾದ ಉದಾಹರಣೆ ಬೇಕಿಲ್ಲ. ದಂಡಿಯಲ್ಲೂ ನಿಷೇಧಕ್ಕೆ ಕಥೆಯ ಒಳಗಿನ ಕಾರಣವಿದೆ ಎಂಬುದನ್ನು ಗಮನಿಸಬೇಕು. ಕಾರಣವಿಲ್ಲದ ನಿಷೇಧ ಅಭ್ಯಾಸಕ್ಕೆ ಸಾಕು, ಕೃತಿಗೆ ಸಾಲದು.

ಇಷ್ಟು ಕಠಿಣವಾದ ನಿಯಮಗಳಿಗೆ ಹೋಗದೆಯೂ ನಿಷೇಧದ ಫಲವನ್ನು ಪಡೆಯಬಹುದು. ‘ಅಜ್ಜಿಯ ಮನೆ’ ಎಂಬ ವಿಷಯ ಕೊಟ್ಟರೆ ಕನ್ನಡದ ಲಲಿತ ಪ್ರಬಂಧದ ರೂಢಿ ತಕ್ಷಣ ಕೈಗೆ ಕೊಡುವ ಸಾಮಗ್ರಿ ಯಾರಿಗಾದರೂ ಗೊತ್ತು: ಸಗಣಿ ಸಾರಿಸಿದ ನೆಲ, ಹಿತ್ತಲಿನ ಮಲ್ಲಿಗೆ, ಉಪ್ಪಿನಕಾಯಿಯ ಭರಣಿ, ಕೈತುತ್ತು, ಕೊನೆಯಲ್ಲಿ ಮಾರಾಟವಾದ ಮನೆ. ಇವೆಲ್ಲ ನಿಜವಾಗಿಯೇ ಇದ್ದಿರಬಹುದು; ಆದರೂ ಬರೆದವರ ಅಜ್ಜಿ ಇನ್ನೊಬ್ಬರ ಅಜ್ಜಿಯಾಗಿಬಿಡುತ್ತಾಳೆ. ಅದೇ ವಿಷಯವನ್ನು, ಅಡುಗೆಯ ಮಾತೆತ್ತಬಾರದು, ವಾತ್ಸಲ್ಯವನ್ನು ಹೆಸರಿಸಬಾರದು, ಮನೆಯಲ್ಲಿ ಅಜ್ಜಿ ಎಣಿಸುತ್ತಿದ್ದದ್ದನ್ನು ಮಾತ್ರ ಬರೆಯಬೇಕು ಎಂಬ ನಿಬಂಧನೆಯೊಂದಿಗೆ ಮತ್ತೆ ಕೊಟ್ಟರೆ, ನೆನಪು ಬೇರೆ ಕೋಣೆಗಳ ಬಾಗಿಲು ತಟ್ಟಬೇಕಾಗುತ್ತದೆ. ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಇದ್ದಿಲಿನಿಂದ ಎಳೆದ ಗೀರುಗಳು, ಅವುಗಳಲ್ಲಿ ಹಬ್ಬದ ದಿನ ಎರಡಾಗಿದ್ದದ್ದು, ಸೊಂಟದ ಬೀಗದ ಕೈ ಗೊಂಚಲು, ಗದ್ದೆಯ ಕೆಲಸಕ್ಕೆ ಬಂದವರಿಗೆ ಅಕ್ಕಿ ಅಳೆಯುವಾಗ ಸೇರಿನ ಬಾಯಿಯನ್ನು ಅಂಗೈಯಿಂದ ಸವರುತ್ತಿದ್ದ ರೀತಿ ಕಾಗದಕ್ಕೆ ಬರುತ್ತವೆ. ಆ ಸವರುವಿಕೆಯಲ್ಲಿ ಅಜ್ಜಿಯ ಬಿಗಿಯೂ ಆ ಮನೆಯ ಸ್ಥಿತಿಯೂ ಕೂಲಿಯವರ ಪಾಡೂ ಒಟ್ಟಿಗೆ ಇವೆ, ಮತ್ತು ಅದನ್ನು ಬರೆದವರು ತಾವು ಅಜ್ಜಿಯನ್ನು ಹೊಗಳಲು ಕುಳಿತದ್ದೋ ತಿಳಿಯಲು ಕುಳಿತದ್ದೋ ಎಂದು ತಮ್ಮನ್ನೇ ಕೇಳಿಕೊಳ್ಳಬೇಕಾಗುತ್ತದೆ.

ಅವಧಾನದ ಇನ್ನೊಂದು ಸವಾಲಾದ ದತ್ತಪದಿಯ ಕೆಲಸ ನಿಷೇಧಕ್ಕಿಂತ ಹಗುರ: ಕೊಟ್ಟ ವಿಷಯದ ಪದ್ಯದಲ್ಲಿ ಸಂಬಂಧವಿಲ್ಲದ ನಾಲ್ಕು ಪದಗಳನ್ನು ಪಾದಕ್ಕೊಂದರಂತೆ ಕೂಡಿಸುವುದು. ಪದಸಂಪತ್ತಿಗೆ ಅದು ಒಳ್ಳೆಯ ವ್ಯಾಯಾಮ. ಒಂದನ್ನೇ ಮತ್ತೆ ಮತ್ತೆ ಬರೆಯುವ ಅಭ್ಯಾಸ ಹೆಚ್ಚು ದೂರ ಒಯ್ಯುತ್ತದೆ. ಕೆನೋ 1947ರ ‘ಎಕ್ಸರ್ಸಿಸ್ ದ ಸ್ತಿಲ್’ ಕೃತಿಯಲ್ಲಿ ಬಸ್ಸಿನೊಳಗಿನ ಒಂದು ಸಣ್ಣ ಜಗಳವನ್ನೂ ಅದೇ ಯುವಕ ಮುಂದೆ ಇನ್ನೊಂದೆಡೆ ಕಾಣಿಸಿಕೊಂಡದ್ದನ್ನೂ 99 ಬಗೆಯಲ್ಲಿ ಹೇಳಿದ. ಕರಾವಳಿಯ ತಾಳಮದ್ದಳೆಯಲ್ಲಿ ಇದು ದಿನನಿತ್ಯದ ಸಂಗತಿ. ಪ್ರಸಂಗದ ಪದ್ಯ ಎಲ್ಲರಿಗೂ ಒಂದೇ. ಭಾಗವತರು ಹಾಡಿದ ಮೇಲೆ ಅರ್ಥಧಾರಿ, ಎಂದರೆ ಪಾತ್ರವಾಗಿ ಕುಳಿತು ಆ ಪದ್ಯಕ್ಕೆ ಮಾತು ಕಟ್ಟುವವರು, ಆಶುವಾಗಿ ಮಾತಾಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಹೆಸರು ಉಳಿದಿರುವುದು ಎಲ್ಲರೂ ಬಲ್ಲ ಪದ್ಯಗಳಿಂದ ಯಾರೂ ನಿರೀಕ್ಷಿಸದ ವಾದವನ್ನು ಎತ್ತಬಲ್ಲ ಶಕ್ತಿಯಿಂದ. ಎದುರಿನ ಅರ್ಥಧಾರಿಯೂ ಪಳಗಿದವರಾಗಿದ್ದು, ನಿನ್ನೆಯ ಮಾತನ್ನೇ ಇಂದು ಆಡಿದರೆ ಅಲ್ಲಿಯೇ ಹಿಡಿದು ಕೇಳುವುದರಿಂದ ರೂಢಿಗೆ ಅಡಗಿಕೊಳ್ಳಲು ಜಾಗ ಸಿಗುವುದಿಲ್ಲ.

ಈ ಎಲ್ಲ ಸಾಧನಗಳಿಗೂ ಒಂದು ಅಪಾಯವಿದೆ, ಅದನ್ನು ಮರೆಮಾಚಬಾರದು. ಪೂರಣದ ತಂತ್ರಗಳು ಕೈಗೆ ಹತ್ತಿದ ಮೇಲೆ ಅವೇ ಹೊಸ ರೂಢಿಯಾಗುತ್ತವೆ. ಯಾವ ಸಾಲು ಕೊಟ್ಟರೂ ಪದವನ್ನು ಎಲ್ಲಿ ಒಡೆಯಬಹುದೆಂದು ಮಾತ್ರ ನೋಡುವ ಕಣ್ಣು ಬೆಳೆದು, ಸಾಲಿನ ಒಳಗಿನ ಮನುಷ್ಯರು ಕಾಣದಂತಾಗುತ್ತಾರೆ. ಕಮ್ಮಟದಿಂದ ಕಮ್ಮಟಕ್ಕೆ ಹೋಗಿ ಪ್ರಾಂಪ್ಟ್ ಇಲ್ಲದೆ ಒಂದು ಪುಟವನ್ನೂ ಬರೆಯಲಾಗದ ಸ್ಥಿತಿಗೆ ಬಂದವರ ಪಾಡೂ ಬೇರೆಯಲ್ಲ. ಸಮಸ್ಯೆಯನ್ನು ರಾಜಶೇಖರ ಗೋಷ್ಠಿಯ ಯಾಮದಲ್ಲಿಟ್ಟು, ರಚನೆಯ ಯಾಮವನ್ನು ಅದರಿಂದ ಬೇರೆಯಾಗಿ ಉಳಿಸಿದ್ದು ಅರ್ಥಪೂರ್ಣವಾಗಿದೆ.

ಕರ್ನಾಟಕದಲ್ಲಿ ಅತಿ ಹೆಚ್ಚು ಜನರ ಕೈಗೆ ಬಂದಿರುವ ಪ್ರಾಂಪ್ಟ್ ಅವಧಾನದ್ದೂ ಅಲ್ಲ, ಕಮ್ಮಟದ್ದೂ ಅಲ್ಲ. ಅದು ಶಾಲೆಯ ಗಾದೆ ಮಾತಿನ ವಿಸ್ತರಣೆ. ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯಲ್ಲಿ ಗಾದೆಯೊಂದನ್ನು ವಿಸ್ತರಿಸಿ ಬರೆಯುವ ಪ್ರಶ್ನೆಗೆ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬ ಮಾತಿನಿಂದಲೇ ಉತ್ತರ ಆರಂಭಿಸುವುದು ತಲೆಮಾರುಗಳಿಂದ ನಡೆದುಬಂದಿದೆ. ಗಾದೆ ಬದಲಾದರೂ ಆರಂಭ ಬದಲಾಗುವುದಿಲ್ಲ, ಏಕೆಂದರೆ ಮಕ್ಕಳು ಕಲಿತದ್ದು ಅಂಕ ತಪ್ಪದಂತೆ ಬರೆಯುವ ರೂಢಿಯನ್ನು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದಕ್ಕೆ ಶ್ರಮದ ಮಹತ್ವ, ರೈತನ ಬೆವರು, ಸೋಮಾರಿಗೆ ಬುದ್ಧಿಮಾತು ಈ ಕ್ರಮದಲ್ಲಿ ಬಂದೇ ಬರುತ್ತವೆ. ಬರೆದ ಮಗುವಿನ ತಾಯಿಯೇ ಕೂಲಿಗೆ ನಾಟಿ ಮಾಡಿ ಬರುವವಳಾಗಿದ್ದು, ಸಂಜೆ ಮೊಸರಿನ ಪ್ಯಾಕೆಟ್ಟಿಗೆ ಅಂಗಡಿಯಲ್ಲಿ ಸಾಲದ ಲೆಕ್ಕ ಬರೆಸುತ್ತಿದ್ದರೂ ಆ ಸಂಗತಿ ಉತ್ತರದಲ್ಲಿ ಬರುವುದಿಲ್ಲ, ಬರಬಹುದು ಎಂದು ಆ ಮಗುವಿಗೆ ಯಾರೂ ಹೇಳಿಲ್ಲ. ಪರೀಕ್ಷೆಯಲ್ಲಿ ಇದಕ್ಕೆ ಎಡೆಯಿಲ್ಲದಿರಬಹುದು, ತರಗತಿಯಲ್ಲಿ ಖಂಡಿತ ಇದೆ. ಅದೇ ಗಾದೆಯನ್ನು ಮರುವಾರ ಮತ್ತೆ ಕೊಟ್ಟು, ಈ ಬಾರಿ ಗಾದೆಗಳ ಹಿರಿಮೆ ಹೇಳಬಾರದು, ಬುದ್ಧಿ ಹೇಳಬಾರದು, ತಮಗೆ ಗೊತ್ತಿರುವ ಒಬ್ಬರ ಕೈ ಮತ್ತು ಬಾಯಿಯ ಬಗ್ಗೆ ಮಾತ್ರ ಬರೆಯಬೇಕು ಎಂದು ಹೇಳುವುದಕ್ಕೆ ಶಿಕ್ಷಕರಿಗೆ ಹೊಸ ಪಠ್ಯಪುಸ್ತಕವಾಗಲಿ ತರಬೇತಿಯಾಗಲಿ ಬೇಕಾಗಿಲ್ಲ. ಎರಡು ವಾರದ ಹಾಳೆಗಳನ್ನೂ ಮಕ್ಕಳ ಕೈಗೇ ಕೊಟ್ಟು, ಬೇರೆಲ್ಲೋ ಓದಿದ ವಾಕ್ಯಗಳ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆಯಲು ಹೇಳಿದರೆ, ಗೆರೆಯಿಲ್ಲದ ವಾಕ್ಯಗಳು ಎಷ್ಟು ಉಳಿದಿವೆ ಎಂಬುದನ್ನು ಅವರೇ ಎಣಿಸಿಕೊಳ್ಳುತ್ತಾರೆ.